ಎರಡೇ ಈವೆಂಟ್, ಯಾವೆರಡು?

ಶಾಲಾ ಈಜು ಸ್ಪರ್ಧೆಯ ಸುತ್ತೋಲೆ ಬಂತೆಂದರೆ ಠಾಣೆಯ ಘೋಡಬಂದರ್ ರಸ್ತೆಯ ಸೊಸೈಟಿಗಳಲ್ಲಿ ಒಂದೇ ತಕರಾರು ಕೇಳಿಸುತ್ತದೆ: ‘ನಮ್ಮ ಹುಡುಗಿಗೆ ನಾಲ್ಕೂ ಸ್ಟ್ರೋಕ್ ಬರುತ್ತೆ. ಎಲ್ಲಕ್ಕೂ ಹೆಸರು ಕೊಟ್ಟರೆ ಇವರಿಗೇನು ನಷ್ಟ?’ ಮಾನಪಾಡಾದಿಂದ ಕಾಸರವಡವಲಿವರೆಗೆ ಎದ್ದಿರುವ ಟವರುಗಳಲ್ಲಿ ಎಷ್ಟೋ ಕಡೆ ಅವರದ್ದೇ ಈಜುಕೊಳವಿದೆ. ಮಕ್ಕಳು ಅಲ್ಲೇ ಕಲಿಯುತ್ತಾರೆ, ಅಲ್ಲೇ ಗೆಲ್ಲುತ್ತಾರೆ. ಆದರೆ ಆ ಕೊಳಗಳು ಚಿಕ್ಕವು, ಕೆಲವಂತೂ ಬಾಗಿದ ಆಕಾರದವು. ನಾಲ್ಕು ಬಾರಿ ಕೈಬೀಸಿದರೆ ಗೋಡೆ ಸಿಗುತ್ತದೆ. ಗೋಡೆ ಒದ್ದು ಹೊರಡುವಾಗ ಸಿಗುವ ಪುಕ್ಕಟೆ ವೇಗ 50 ಮೀಟರ್ ಕೊಳದಲ್ಲಿ ಅಷ್ಟು ಬಾರಿ ಸಿಗುವುದಿಲ್ಲ. ಅಲ್ಲಿ ಕಡೆಯ 15 ಮೀಟರಿನಲ್ಲಿ ತೋಳು ಭಾರವಾಗುವುದನ್ನು ಒಮ್ಮೆ ಅನುಭವಿಸಿದ ಮಗು ಐದು ಈವೆಂಟ್ ಬೇಕೆಂದು ತಾನಾಗಿ ಕೇಳುವುದಿಲ್ಲ. ಕೇಳುವವರು ನಾವು.

ಹತ್ತನೆಯ, ಹನ್ನೆರಡನೆಯ ತರಗತಿಯ ಕ್ರೀಡಾ ಅಂಕಗಳ ಆಸೆಯೂ ಇದರ ಹಿಂದಿದೆ. ಅದನ್ನು ತಪ್ಪೆನ್ನಲಾರೆ. ಆದರೆ ಒಂದು ಮಗುವಿಗೆ ಇಷ್ಟೇ ಈವೆಂಟ್ ಎಂಬ ಮಿತಿ ಯಾಕಿದೆ, ಅದು ಯಾರ ಪರವಾಗಿದೆ ಎಂಬುದನ್ನು ಅರಿತರೆ ಅದರೊಳಗೇ ಚೆನ್ನಾಗಿ ಆಡಬಹುದು.

ಮೊದಲು ವೇಳೆಯ ಲೆಕ್ಕ ನೋಡಿ. ಆರು ಲೇನಿನ ಕೊಳದಲ್ಲಿ ಒಂದು ಈವೆಂಟಿಗೆ 60 ಮಕ್ಕಳು ಬಂದರೆ ಹತ್ತು ಹೀಟ್. ಸಾಲು ನಿಲ್ಲಿಸಿ, ಸೀಟಿ ಊದಿ, ಈಜಿಸಿ, ಮೇಲೆ ಹತ್ತಿಸುವಷ್ಟರಲ್ಲಿ ಹೀಟಿಗೆ ಎರಡು ನಿಮಿಷವಾದರೂ ಬೇಕು, ಅಂದರೆ ಒಟ್ಟು 20 ನಿಮಿಷ. ಶಾಲಾ ಕ್ರೀಡೆಯಲ್ಲಿ 14, 17 ಮತ್ತು 19ರ ಒಳಗಿನವರೆಂದು ಮೂರು ವಯೋಗುಂಪು. ಹುಡುಗರು, ಹುಡುಗಿಯರು ಬೇರೆ ಬೇರೆ. ಹಾಗಾಗಿ ಆರು ಪಟ್ಟು. ಬರೀ 50 ಮೀಟರ್ ಫ್ರೀಸ್ಟೈಲ್ ಮುಗಿಸಲು ಎರಡು ಗಂಟೆ ಹೋಯಿತು. ಪ್ರತಿ ಮಗುವೂ ಎಲ್ಲದಕ್ಕೂ ಹೆಸರು ಕೊಟ್ಟರೆ ಸ್ಪರ್ಧೆ ಒಂದೇ ದಿನದಲ್ಲಿ ಮುಗಿಯುವ ಮಾತೇ ಇಲ್ಲ.

ಮಿತಿ ಮಗುವಿಗೂ ಇದೆ, ಶಾಲೆಗೂ ಇದೆ. ಒಬ್ಬ ಈಜುಗಾರ ಎಷ್ಟು ಈವೆಂಟಿಗೆ ಇಳಿಯಬಹುದು ಎಂಬುದು ಒಂದಾದರೆ, ಒಂದು ಈವೆಂಟಿಗೆ ಒಂದು ಶಾಲೆ ಎಷ್ಟು ಮಂದಿಯನ್ನು ಕಳಿಸಬಹುದು ಎಂಬುದು ಇನ್ನೊಂದು. ಈ ಸಂಖ್ಯೆಗಳು ಆಯೋಜಕರಿಂದ ಆಯೋಜಕರಿಗೆ ಬದಲಾಗುತ್ತವೆ. ಬೋರ್ಡಿನ ಸ್ಪರ್ಧೆಯ ನಿಯಮವನ್ನು ಸರ್ಕಾರಿ ಸ್ಪರ್ಧೆಗೆ ಹಚ್ಚಬೇಡಿ. ರಿಲೇ ಈ ಎಣಿಕೆಯ ಒಳಗೋ ಹೊರಗೋ ಎಂಬ ಸಾಲನ್ನು ತಪ್ಪದೆ ಓದಿ. ನಮ್ಮ ರಸ್ತೆಗೆ ಇನ್ನೊಂದು ವಿಶೇಷವಿದೆ. ಮಹಾರಾಷ್ಟ್ರದಲ್ಲಿ ಮಹಾನಗರಪಾಲಿಕೆಗಳು ತಮ್ಮದೇ ಮಟ್ಟದ ಶಾಲಾ ಸ್ಪರ್ಧೆ ನಡೆಸುತ್ತವೆ. ಘೋಡಬಂದರ್ ರಸ್ತೆ ಠಾಣೆ ಪಾಲಿಕೆಯಲ್ಲಿ ಹೊರಟು ಗಾಯಮುಖದ ಆಚೆ ಮೀರಾ-ಭಾಯಂದರ್ ಪಾಲಿಕೆಗೆ ಸೇರುತ್ತದೆ. ಒಂದೇ ಬಸ್ಸಿನಲ್ಲಿ ಹೋಗುವ ಇಬ್ಬರು ಗೆಳತಿಯರು, ಶಾಲೆಯ ವಿಳಾಸದ ಕಾರಣಕ್ಕೆ ವಿಭಾಗ ಮಟ್ಟದವರೆಗೆ ಎದುರಾಗದೇ ಇರಬಹುದು.

ಈ ಮಿತಿಯನ್ನು ಒಂದು ಕಲೆಯ ಮಟ್ಟಕ್ಕೆ ಒಯ್ದವರು ಅಮೆರಿಕದ ಹೈಸ್ಕೂಲುಗಳವರು. ಅಲ್ಲಿ ನೆಲೆಸಿರುವ ನಮ್ಮ ನೆಂಟರ ಮಕ್ಕಳಿಗೆ ಇದು ಬಾಯಿಪಾಠ: ಒಂದು ಸ್ಪರ್ಧೆಯಲ್ಲಿ ಒಬ್ಬರಿಗೆ ಹೆಚ್ಚೆಂದರೆ ನಾಲ್ಕು ಈವೆಂಟ್, ಅದರಲ್ಲಿ ವೈಯಕ್ತಿಕ ಎರಡನ್ನು ಮೀರುವಂತಿಲ್ಲ. ಈಜಿನ ಈವೆಂಟುಗಳು ಒಟ್ಟು 11. ಎಂಟು ವೈಯಕ್ತಿಕ, ಮೂರು ರಿಲೇ. ಇದರ ಸೊಗಸು ರಿಲೇಯಲ್ಲಿದೆ. ಮೂರು ರಿಲೇಗೆ ನಾಲ್ಕು ನಾಲ್ಕರಂತೆ 12 ಸ್ಥಾನ. ತಂಡದ ಅತ್ಯುತ್ತಮ ನಾಲ್ವರು ತಲಾ ಎರಡು ವೈಯಕ್ತಿಕ ಈವೆಂಟ್ ತೆಗೆದುಕೊಂಡರೆ ಅವರಿಗೆ ಉಳಿಯುವುದು ತಲಾ ಎರಡು ರಿಲೇ, ಅಂದರೆ ಎಂಟೇ ಸ್ಥಾನ. ಮಿಕ್ಕ ನಾಲ್ಕಕ್ಕೆ ಕೋಚ್ ಐದನೆಯ, ಆರನೆಯ ಈಜುಗಾರರನ್ನು ಕರೆಯಲೇಬೇಕು. ಇಲ್ಲದಿದ್ದರೆ ಯಾರಾದರೂ ತಮ್ಮ ಒಂದು ವೈಯಕ್ತಿಕ ಈವೆಂಟನ್ನು ಬಿಟ್ಟುಕೊಡಬೇಕು. ಪದಕದ ಆಸೆಯಿಲ್ಲದೆ ದಿನವೂ ಬೆಳಗ್ಗೆ ಐದಕ್ಕೆ ಎದ್ದು ಅಭ್ಯಾಸಕ್ಕೆ ಬರುವ ಹುಡುಗಿಗೆ ಲೇನ್ ಸಿಗುವುದು ಹೀಗೆ. ನನಗೆ ಈ ನಿಯಮದಲ್ಲಿ ತುಂಬ ಪ್ರಿಯವಾದದ್ದು ಇದೇ.

ಯಾವೆರಡು ಎಂಬುದನ್ನು ಅಲ್ಲಿ ತೀರ್ಮಾನಿಸುವುದು ಈವೆಂಟುಗಳ ಸರದಿ. 100 ಗಜದ ಬಟರ್‌ಫ್ಲೈ ಮುಗಿದ ಕೂಡಲೇ 100 ಗಜದ ಫ್ರೀಸ್ಟೈಲ್ ಇದೆ. ಎರಡನ್ನೂ ಆರಿಸಿದವರು ಉಸಿರು ಹಿಡಿಯುವಷ್ಟರಲ್ಲಿ ಮತ್ತೆ ಬ್ಲಾಕ್ ಹತ್ತಬೇಕು. ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್ ಕೂಡ ಹೀಗೇ ಬೆನ್ನಿಗೆ ಬೆನ್ನು. ಅದೇ 200 ಮೆಡ್ಲೆ ಮತ್ತು 100 ಬಟರ್‌ಫ್ಲೈ ಆರಿಸಿದರೆ ನಡುವೆ 50 ಫ್ರೀಸ್ಟೈಲ್ ಇದೆ, ಡೈವಿಂಗ್ ಇದ್ದರೆ ಅದರ ಬಿಡುವೂ ಸಿಗುತ್ತದೆ. ಠಾಣೆಯ ಸ್ಪರ್ಧೆಗೂ ಇದೇ ಕಣ್ಣು ಬೇಕು. ಈವೆಂಟ್ ಪಟ್ಟಿ ಕೈಗೆ ಬಂದ ಮೇಲೆ ಮಗುವಿನ ಟೈಮಿಂಗ್ ನೋಡುವ ಮೊದಲು ಸರದಿ ನೋಡಿ. ಎರಡು ಈಜಿನ ನಡುವೆ ಅರ್ಧ ಗಂಟೆಯಾದರೂ ಸಿಗುತ್ತದೆಯೇ? ನಿಧಾನವಾಗಿ ಈಜಿ ಮೈ ಸಡಿಲಿಸಿಕೊಳ್ಳಲು ಬೇರೆ ಕೊಳವಾಗಲಿ ಲೇನಾಗಲಿ ಇದೆಯೇ? ಇಲ್ಲವಾದರೆ ಎರಡನೆಯ ಈವೆಂಟ್ ಚಿಕ್ಕದಿರಲಿ.

‘ಹಾಗಾದರೆ ಧಿನಿಧಿ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಬೆಂಗಳೂರಿನ ಧಿನಿಧಿ ದೇಸಿಂಘು 14ನೆಯ ವಯಸ್ಸಿನಲ್ಲಿ 2024ರ ಪ್ಯಾರಿಸ್ ಒಲಿಂಪಿಕ್ಸಿಗೆ ಹೋದಳು. ಮರುವರ್ಷ ಉತ್ತರಾಖಂಡದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ರಿಲೇಗಳೂ ಸೇರಿ ಒಂಬತ್ತು ಚಿನ್ನ, ಒಂದು ಬೆಳ್ಳಿ, ಒಂದು ಕಂಚು ಗೆದ್ದಳು. ಆದರೆ ಪ್ಯಾರಿಸ್‌ನಲ್ಲಿ ಅವಳು ಈಜಿದ್ದು 200 ಮೀಟರ್ ಫ್ರೀಸ್ಟೈಲ್ ಒಂದನ್ನೇ. ಅಷ್ಟೊಂದು ಈವೆಂಟ್ ತಾಳುವ ಮೈ ವರ್ಷಗಟ್ಟಲೆ ಅಭ್ಯಾಸದಿಂದ ಬಂದದ್ದು, ರಾಷ್ಟ್ರೀಯ ಕ್ರೀಡಾಕೂಟವೂ ಹಲವು ದಿನಗಳಿಗೆ ಹರಡಿತ್ತು. ಬೀಜಿಂಗ್ ಒಲಿಂಪಿಕ್ಸಿನಲ್ಲಿ ಎಂಟು ಚಿನ್ನ ಗೆದ್ದ ಮೈಕೆಲ್ ಫೆಲ್ಪ್ಸ್ ಒಂಬತ್ತು ದಿನಗಳಲ್ಲಿ 17 ಬಾರಿ ನೀರಿಗಿಳಿದಿದ್ದ. ಅದೇ ಒಲಿಂಪಿಕ್ಸಿಗೆ ಹೋಗಿದ್ದ ಕೊಲ್ಹಾಪುರದ ವೀರಧವಳ ಖಾಡೆ ಆರಿಸಿಕೊಂಡದ್ದು 50, 100 ಮತ್ತು 200 ಮೀಟರ್, ಮೂರೂ ಫ್ರೀಸ್ಟೈಲ್.

ದೇಶಗಳಿಗೂ ಮಿತಿ ತಪ್ಪಿಲ್ಲ. ಹಿಂದೆ ಒಲಿಂಪಿಕ್ಸಿನ ಒಂದು ವೈಯಕ್ತಿಕ ಈವೆಂಟಿಗೆ ಒಂದು ದೇಶದಿಂದ ಮೂವರು ಇಳಿಯಬಹುದಿತ್ತು. 1976ರ ಮಾಂಟ್ರಿಯಲ್‌ನಲ್ಲಿ ಪುರುಷರ 200 ಮೀಟರ್ ಬ್ಯಾಕ್‌ಸ್ಟ್ರೋಕ್‌ನ ಮೂರೂ ಪದಕ ಅಮೆರಿಕದ ಪಾಲಾದವು. 1984ರಿಂದ ಇಬ್ಬರಿಗಷ್ಟೇ ಅವಕಾಶ. ಮೂರನೆಯ ಪದಕದ ಬಾಗಿಲು ಬೇರೆ ದೇಶಗಳಿಗೆ ತೆರೆಯಿತು. ಶಾಲೆಗೆ ಇಷ್ಟೇ ಮಂದಿ ಎಂದಾಗಲೂ ಆಗುವುದು ಇದೇ: ಒಳ್ಳೆಯ ಕೊಳ, ಸಂಬಳದ ಕೋಚ್ ಇರುವ ಒಂದೇ ಶಾಲೆ ಫೈನಲ್ಲಿನ ಆರೂ ಲೇನುಗಳನ್ನು ನುಂಗುವುದು ತಪ್ಪುತ್ತದೆ.

ಕೊನೆಗೆ ಕೋಚ್‌ಗಳು ಪೋಷಕರಿಗೆ ಹೇಳಲು ಮರೆಯುವ ಒಂದು ಉಪಾಯ. ಮಗುವಿಗೆ 100 ಫ್ರೀಸ್ಟೈಲ್ ಇಷ್ಟ, ಆದರೆ ವೈಯಕ್ತಿಕ ಮಿತಿ ಮುಗಿದಿದೆ ಎನ್ನಿ. ಫ್ರೀಸ್ಟೈಲ್ ರಿಲೇಯಲ್ಲಿ ಮೊದಲ ಸರದಿ ಕೇಳಿ. ಮೊದಲನೆಯವರು ಸಿಗ್ನಲ್‌ಗೇ ಹೊರಡುತ್ತಾರಾದ್ದರಿಂದ, ಅಂತಾರಾಷ್ಟ್ರೀಯ ನಿಯಮದಲ್ಲಿ ಅವರ ಸಮಯಕ್ಕೆ ವೈಯಕ್ತಿಕ ಈವೆಂಟಿನ ಮಾನ್ಯತೆಯಿದೆ. 2024ರ ಫೆಬ್ರವರಿಯಲ್ಲಿ ದೋಹಾದಲ್ಲಿ ಚೀನಾದ ಪಾನ್ ಝಾನ್‌ಲೆ 46.80 ಸೆಕೆಂಡಿನ ವಿಶ್ವದಾಖಲೆ ಬರೆದದ್ದು ರಿಲೇಯ ಮೊದಲ ಸರದಿಯಲ್ಲೇ. ನಿಮ್ಮ ಸ್ಪರ್ಧೆಯಲ್ಲಿ ಆ ಸಮಯವನ್ನು ಬೇರೆಯಾಗಿ ಬರೆದಿಡುತ್ತಾರೆಯೇ ಎಂದು ಪಿ.ಟಿ. ಟೀಚರ್ ಮೂಲಕ ಮೊದಲೇ ವಿಚಾರಿಸಿ. ಬರೆಯುವುದಿಲ್ಲವೆಂದರೆ ಕೊಳದ ಬದಿಯಲ್ಲಿ ನಿಂತು ಸ್ಟಾಪ್‌ವಾಚ್ ನೀವೇ ಒತ್ತಿ. ಮುಂದಿನ ವರ್ಷ ಯಾವೆರಡು ಎಂದು ಕೂತು ಮಾತಾಡುವಾಗ ಆ ಸಂಖ್ಯೆ ಕೆಲಸಕ್ಕೆ ಬರುತ್ತದೆ.