ಕಾವೇರಿಯ ಮೇಲಿನ ಕಣ್ಣುಗಳು

ತ್ರಿವೇಣಿಯವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲರು ತೆಗೆದ ‘ಶರಪಂಜರ’ವನ್ನು ಮೊನ್ನೆ ಮತ್ತೆ ನೋಡಿದೆ. ಕಲ್ಪನಾ ಅವರ ಹುಚ್ಚಿನ ಅಭಿನಯವನ್ನೇ ಎಲ್ಲರೂ ಹೊಗಳುತ್ತಾರೆ. ನನ್ನನ್ನು ಕಾಡಿದ್ದು ಕಾವೇರಿ ಗುಣವಾಗಿ ಮನೆಗೆ ಬಂದ ಮೇಲಿನ ಭಾಗ. ಅವಳು ಜೋರಾಗಿ ಮಾತಾಡಿದರೂ ಅನುಮಾನ, ಸುಮ್ಮನಿದ್ದರೂ ಅನುಮಾನ.

ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಯುವ ನನಗೆ ಸಂಧಿವಾತ. ಬೆಳಗ್ಗೆ ಕಾಫಿ ಲೋಟ ಹಿಡಿಯಲಾಗದ ಬೆರಳುಗಳು ಹನ್ನೊಂದಕ್ಕೆ ಸಡಿಲವಾಗುತ್ತವೆ. ‘ಈಗ ಹೇಗೆ ಬಂತು?’ ಎಂದು ಪಕ್ಕದ ಮಿಷಿನ್ನಿನವಳೂ ಕೇಳುತ್ತಾಳೆ. ಕಾವೇರಿಯ ಆರೋಗ್ಯವನ್ನು ಯಾರೂ ನಂಬಲಿಲ್ಲ. ನನ್ನದು, ಕಾಯಿಲೆಯನ್ನೇ ನಂಬುವುದಿಲ್ಲ! 1963ರಲ್ಲೇ ತೀರಿಕೊಂಡ ತ್ರಿವೇಣಿಯವರು ಈ ಕಣ್ಣುಗಳನ್ನು ಚೆನ್ನಾಗಿ ಬಲ್ಲವರು.

ಆದರೂ ಚಿತ್ರದ ಮೇಲೆ ನನ್ನದೊಂದು ತಕರಾರಿದೆ. ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಹೋಗಬೇಕೆ? ಮಾತ್ರೆ ನುಂಗಿ, ಅಕ್ಕಿ ತೊಳೆದು, ಹಾಗೇ ವರ್ಷಗಟ್ಟಲೆ ಬಾಳುವ ಕಾವೇರಿಯನ್ನು ನಾನು ನೋಡಬೇಕಿತ್ತು.