‘ಮಾಯ’ ಎಂಬ ಮಾತು

ಕಾಪುವಿನ ಗದ್ದೆಯಲ್ಲಿ ನೇಜಿ ನೆಡುತ್ತಾ ನನ್ನ ಅಜ್ಜಿ ಕೊರಗ ತನಿಯನ ಪಾಡ್ದನ ಹೇಳುತ್ತಿದ್ದಳು. ಏಳು ಜನರ ಹೊರೆಯನ್ನು ಒಬ್ಬನೇ ದೇವಸ್ಥಾನಕ್ಕೆ ಹೊತ್ತವನು ತನಿಯ. ಒಳಗೆ ಬಿಡಲಿಲ್ಲ. ಮಾದಲಹಣ್ಣಿಗೆ ಕೈ ಚಾಚಿದ, ಮಾಯವಾದ. ‘ಎಲ್ಲಿಗೆ ಹೋದ?’ ಅಂದರೆ, ‘ಮಾಯ ಆದ ಮಗಾ, ಮತ್ತೆ ಕೇಳ್ಬೇಡ.’

ಅದೇ ಅಜ್ಜಿ ಕಲ್ಕುಡನ ಕತೆಯಲ್ಲಿ ಅಳುಕುತ್ತಿರಲಿಲ್ಲ. ಕಾರ್ಕಳದ ಗೊಮ್ಮಟನನ್ನು ಕೆತ್ತಿದವನ ಕೈಕಾಲು ಕಡಿಸಿದ್ದು ಭೈರರಸ ಎಂದೇ ಹೇಳುತ್ತಿದ್ದಳು. 1432ರ ಶಾಸನದಲ್ಲಿ ಅರಸ ವೀರಪಾಂಡ್ಯನ ಹೆಸರಿದೆ. ಕಡಿದ ಕೈ ಉಳಿದದ್ದು ಪಾಡ್ದನದಲ್ಲಿ.

ಒಂದರಲ್ಲಿ ಕಡಿಸಿದವನಿಗೆ ಹೆಸರಿದೆ, ಇನ್ನೊಂದರಲ್ಲಿ ಬರೀ ಮಾಯ. ಯಾಕೆ? ಭೈರರಸನ ಮನೆತನ ಅಳಿದಿತ್ತು. ಕೂಲಿ ಕೊಡುವ ಧನಿ ಗದ್ದೆಯ ಹುಣಿಯಲ್ಲೇ ನಿಂತಿದ್ದ. ತನಿಯನ ಮಾಯವನ್ನು ನಾನು ಕೊಲೆ ಎಂದೇ ಓದುತ್ತೇನೆ. ಅವನನ್ನು ದೈವವೆಂದು ಕೈಮುಗಿದ ಊರಲ್ಲೇ ಅವನ ಕುಲದವರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸಿದರು. ಆ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ.

ಪಾಡ್ದನವನ್ನು ‘ಜಾನಪದ ಸಂಪತ್ತು’ ಎಂದು ಹೊಗಳಿ ಕೈತೊಳೆದುಕೊಳ್ಳುವ ವಿಮರ್ಶೆ ಉಡುಪಿ, ಮಣಿಪಾಲದಲ್ಲಿ ಓದುವ ನಮ್ಮ ಮಕ್ಕಳಿಗೆ ಸಾಲದು. ಅಜ್ಜಿಯ ಕತೆ ನನಗೆ ಬೆನ್ನೆಲುಬು ಕೊಟ್ಟಿತು, ಜೊತೆಗೆ ಹೆದರಿಕೆಯನ್ನೂ ಕೊಟ್ಟಿತು. ಕತೆ ಉಳಿಯಲಿ. ‘ಮತ್ತೆ ಕೇಳ್ಬೇಡ’ ಎಂಬ ಮಾತನ್ನು ಮಾತ್ರ ಮಕ್ಕಳಿಗೆ ದಾಟಿಸುವುದು ಬೇಡ.