ಆಸನಕ್ರಮದ ಚರಿತ್ರೆ: ರಿಚರ್ಡ್ ಗಾಫನ ‘ಮಿಡ್ಲ್’

ಇಂಗ್ಲೆಂಡಿನ ಪ್ರತಿಯೊಂದು ಪ್ಯಾರಿಷಿನಲ್ಲಿಯೂ, ಎಂದರೆ ಒಂದು ಚರ್ಚಿಗೆ ಒಳಪಟ್ಟ ಗ್ರಾಮಸೀಮೆಯಲ್ಲಿಯೂ, ಜನರ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ದಫ್ತರದಲ್ಲಿ ಬರೆದಿಡತಕ್ಕದ್ದೆಂದು 1538ರಲ್ಲಿ ತಾಮಸ್ ಕ್ರಾಮ್‌ವೆಲ್ಲನು ಆಜ್ಞೆಮಾಡಿದನು. ವಂಶಾವಳಿಗಳನ್ನು ಶೋಧಿಸುವವರಿಗೆ ಈ ದಫ್ತರಗಳೇ ಮುಖ್ಯಾಧಾರ. ಆದರೆ ಆ ಮೂರು ದಿನಗಳ ಹೊರತು ಮನುಷ್ಯನ ಉಳಿದ ಬಾಳಿನ ವಿಷಯದಲ್ಲಿ ಅವು ಮೌನವಾಗಿವೆ. ಈ ಮೌನವನ್ನು ಮುರಿದ ಗ್ರಂಥಗಳಲ್ಲಿ, ಷ್ರಾಪ್‌ಷೈರಿನ ಮಿಡ್ಲ್ ಪ್ಯಾರಿಷನ್ನು ಕುರಿತು ರಿಚರ್ಡ್ ಗಾಫನು (1635–1723) ಬರೆದುದಕ್ಕೆ ಎಣೆಯಾದುದನ್ನು ನಾನು ಕಾಣೆನು.

ಗ್ರಂಥವು ಎರಡು ಭಾಗವಾಗಿದೆ. 1700ರಲ್ಲಿ ಬರೆದ ಮೊದಲನೆಯದು ಬಹುಮಟ್ಟಿಗೆ ವಾಡಿಕೆಯ ಸ್ಥಳವೃತ್ತಾಂತ. ಮರುವರ್ಷ ಕೈಗೊಂಡ ಎರಡನೆಯದರಲ್ಲಿ ಅವನು ಚರ್ಚಿನ ಆಸನಗಳ ನಕ್ಷೆಯನ್ನು ಬರೆದು, ಪ್ರತಿಯೊಂದು ಆಸನವೂ ಯಾವ ಹೊಲಮನೆಗೆ ಸೇರಿತೆಂದು ಹೇಳಿ, ಆ ಮನೆಯವರ ಕಥೆಯನ್ನು ತಲೆಮಾರುಗಳ ವರೆಗೆ ಬಿಚ್ಚುತ್ತಾನೆ: ಗೇಣಿಯ ಕರಾರು, ಕುಡುಕತನ, ಕಳವು, ಒಳ್ಳೆಯ ಸೊಸೆ, ಕೆಟ್ಟ ಮಗ. ಇದನ್ನು ಹರಟೆಯೆಂದು ತಳ್ಳಿಹಾಕುವವರುಂಟು. ಈ ಆಕ್ಷೇಪಣೆಯು ನಿಲ್ಲತಕ್ಕದ್ದಲ್ಲ. 1974ರಲ್ಲಿ ಡೇವಿಡ್ ಹೇ ಎಂಬ ವಿದ್ವಾಂಸರು ಅದೇ ಪ್ಯಾರಿಷಿನ ದಾಖಲೆಗಳನ್ನು ಆಧರಿಸಿ ಪ್ರತ್ಯೇಕ ಗ್ರಂಥವನ್ನೇ ಬರೆದರು. ಅದರ ಪಕ್ಕದಲ್ಲಿಯೂ ಗಾಫನ ಮಾತು ನಂಬತಕ್ಕದ್ದಾಗಿಯೇ ಉಳಿದಿದೆ.

ನನ್ನ ಆಕ್ಷೇಪಣೆ ಬೇರೆ. ಆಸನವು ಸೇರಿದುದು ಭೂಮಿಗೆ, ಮನುಷ್ಯನಿಗಲ್ಲ. ಆದಕಾರಣ ಈ ಕ್ರಮದಲ್ಲಿ ನೆಲವುಳ್ಳವನ ಮೊಮ್ಮಗನೂ ಬೆಳಕಿಗೆ ಬರುತ್ತಾನೆ. ಊರಿಂದೂರಿಗೆ ಹೋಗುವ ಆಳು ಬರುವುದು ಆಕಸ್ಮಿಕವಾಗಿ ಮಾತ್ರ. ಮುಂದಿನ ಸಾಲಿನ ದೊಡ್ಡಮನೆಗಳಿಂದ ಹಿಡಿದು ಗುಡಿಸಲುಗಳ ಆಸನಗಳ ವರೆಗೂ ಗ್ರಂಥಕರ್ತನು ಬರುವನೆಂಬುದು ನಿಜ, ಇದು ಅವನ ಔದಾರ್ಯ. ಆದರೂ ಆಸನವಿಲ್ಲದವನಿಗೆ ಅಧ್ಯಾಯವಿಲ್ಲ.

ವಿಚಿತ್ರವೇನೆಂದರೆ, ಈ ಕೊರತೆಯನ್ನು ತುಂಬುವುದು ನಾನು ವಾಡಿಕೆಯದೆಂದ ಮೊದಲನೆಯ ಭಾಗವೇ. ದೊರೆಗೂ ಪಾರ್ಲಿಮೆಂಟಿಗೂ ನಡೆದ ಯುದ್ಧದ ಪ್ರಸಂಗವು ಅಲ್ಲಿದೆ. ಬಾಲಕನಾಗಿದ್ದ ಗಾಫನು ಗುಂಡುತಗುಲಿದ ಸೈನಿಕನೊಬ್ಬನನ್ನು ಪಾದ್ರಿಯೊಡನೆ ಹೋಗಿ ನೋಡಿದನು. ನೆಲದ ಮೇಲೆ ಹರಿದ ರಕ್ತವನ್ನು ಅರುವತ್ತೈದರ ವಯಸ್ಸಿನಲ್ಲಿಯೂ ಮರೆತಿರಲಿಲ್ಲ. ಮಿಡ್ಲ್, ಮಾರ್ಟನ್, ನ್ಯೂಟನ್ ಎಂಬ ಮೂರೇ ಹಳ್ಳಿಗಳಿಂದ 20 ಮಂದಿ ದೊರೆಯ ಕಡೆ ಹೋದರು, 13 ಮಂದಿ ಮಡಿದರು ಎಂದು ಅವನು ಎಣಿಸಿ ಹೆಸರಿಸುತ್ತಾನೆ. ಅವರಲ್ಲಿ ಒಬ್ಬನು ವಿವಾಹಬಾಹಿರನಾಗಿ ಹುಟ್ಟಿ ಪ್ಯಾರಿಷಿನ ಧರ್ಮದ ಅನ್ನದಲ್ಲಿ ಬೆಳೆದ ಹುಡುಗ. ಷ್ರೂಸ್‌ಬರಿಯಲ್ಲಿ ಸೈನ್ಯಕ್ಕೆ ಸೇರಿ, 1642ರ ಎಜ್‌ಹಿಲ್ ಕಾಳಗಕ್ಕೆ ಹೋದನು. ಆಮೇಲೆ ಆ ಸೀಮೆಯಲ್ಲಿ ಅವನ ಸುದ್ದಿಯನ್ನು ಯಾರೂ ಕೇಳಲಿಲ್ಲ.